ಬುದ್ಧಿಹಲ್ಲಿನ ಬಾವು: ಗಾಳಿ ಬೇಡದ ಸೂಕ್ಷ್ಮಾಣುಗಳ ವಿಷಯ
(ಗ್ರಾಮದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆಯ ಬೀಜ, ಗೊಬ್ಬರ, ಬೆಳೆಗೆ ಬೀಳುವ ಕೀಟ ಇವುಗಳ ವಿಷಯವಾಗಿ ನಾವು ಸೇರಿ ಮಾತನಾಡುವುದು ವಾಡಿಕೆ. ಈ ದಿನ ಹೊಲದ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಬಾಯಿಯ ಮಾತನ್ನು ಎತ್ತಿಕೊಂಡಿದ್ದೇನೆ. ನಾನು ಓದಿರುವುದು ಕೃಷಿ ಡಿಪ್ಲೊಮಾ, ಹಲ್ಲಿನ ವೈದ್ಯನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಇದು ಮುಖ್ಯವಾಗಿ ದುಡಿಯುವ ವಯಸ್ಸಿನವರಿಗೆ, ಇಪ್ಪತ್ತರಿಂದ ಮೂವತ್ತರೊಳಗಿನವರಿಗೆ ಬರುವ ತೊಂದರೆ. ಕೆಳದವಡೆಯ ಕಟ್ಟಕಡೆಯಲ್ಲಿ ವಸಡು ಬಾತುಕೊಳ್ಳುತ್ತದೆ. ಬಾಯಿ ತೆರೆಯಲಾಗದು, ಮುದ್ದೆ ನುಂಗಲಾಗದು, ರಾತ್ರಿ ನಿದ್ದೆ ಬಾರದು. ಕಟಾವಿನ ಕಾಲದಲ್ಲಿ ಮನೆಯ ಗಟ್ಟಿ ಆಳೊಬ್ಬ ನಾಲ್ಕು ದಿನ ಮೂಲೆ ಹಿಡಿದರೆ ಎಷ್ಟು ನಷ್ಟವೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಹೆಚ್ಚಿನ ಸಲ ಈ ಬಾವು ತಗ್ಗಿಹೋಗುತ್ತದೆ. ಅದಕ್ಕೇ ಜನರಲ್ಲಿ ಉದಾಸೀನ. ಆದರೆ ಅಪರೂಪಕ್ಕೊಮ್ಮೆ ಇದೇ ಬಾವು ದವಡೆಯ ಕೆಳಗಿಳಿದು, ಗಂಟಲನ್ನು ಕಟ್ಟಿ, ಪ್ರಾಣಕ್ಕೇ ಮುಳುವಾಗುತ್ತದೆ. ಯಾವ ಬಾವನ್ನು ಮನೆಯಲ್ಲಿ ತೊಳೆದುಕೊಂಡು ವೈದ್ಯರಿಗೆ ತೋರಿಸಲು ಮಾರನೆಯ ದಿನದವರೆಗೆ ಕಾಯಬಹುದು, ಯಾವುದಕ್ಕೆ ಒಂದು ಗಳಿಗೆಯೂ ಕಾಯಬಾರದು ಎಂಬ ಭೇದ ಪ್ರತಿಯೊಂದು ಮನೆಗೂ ತಿಳಿದಿರಬೇಕು. ಅದು ತಿಳಿಯಬೇಕಾದರೆ ಆ ಬಾವಿನೊಳಗೆ ಯಾರು ವಾಸವಾಗಿದ್ದಾರೆ, ಅವರಿಗೆ ಏನು ಬೇಕು, ಏನು ಬೇಡ ಎಂಬುದನ್ನು ಮೊದಲು ತಿಳಿಯಬೇಕು. ಕೀಟದ ಬಾಳು ತಿಳಿಯದೆ ಔಷಧಿ ಹೊಡೆದರೆ ಪ್ರಯೋಜನವಿಲ್ಲವೆಂಬುದು ರೈತರಿಗೆ ಗೊತ್ತಿರುವ ಮಾತೇ.

ಬಾಯಿಯಲ್ಲಿ ಕಟ್ಟಕಡೆಗೆ ಹುಟ್ಟುವ ದವಡೆ ಹಲ್ಲಿಗೆ ಬುದ್ಧಿಹಲ್ಲೆಂದು ಹೆಸರು. ಇದು ಸಾಮಾನ್ಯವಾಗಿ ೧೭ರಿಂದ ೨೫ ವರ್ಷದೊಳಗೆ, ಎಂದರೆ ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುವುದರಿಂದ ಈ ಹೆಸರು. ಮೊದಲು ಬಂದ ಹಲ್ಲುಗಳೆಲ್ಲ ತಮ್ಮ ತಮ್ಮ ಜಾಗ ಹಿಡಿದು ಕುಳಿತ ಮೇಲೆ ಇದು ಬರುತ್ತದೆ. ತುಂಬಿದ ಬಸ್ಸಿಗೆ ಕಡೆಯಲ್ಲಿ ಹತ್ತಿದವನಂತೆ, ನಿಲ್ಲಲು ಸ್ಥಳ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಕೆಲವರಲ್ಲಿ ನೆಟ್ಟಗೆ ಬರುತ್ತದೆ. ಕೆಲವರಲ್ಲಿ ವಾರೆಯಾಗಿ ಮುಂದಿನ ಹಲ್ಲಿಗೆ ಒರಗುತ್ತದೆ. ಕೆಲವರಲ್ಲಿ ಅರ್ಧ ಮೇಲೆ ಬಂದು ಅಲ್ಲೇ ನಿಂತುಬಿಡುತ್ತದೆ. ಹೀಗೆ ಅರ್ಧ ಬಂದ ಹಲ್ಲಿನ ಮೇಲೆ ವಸಡಿನ ಒಂದು ಪದರ ಸೆರಗಿನಂತೆ ಮುಚ್ಚಿಕೊಂಡಿರುತ್ತದೆ. ಹಲ್ಲಿಗೂ ಆ ಸೆರಗಿಗೂ ನಡುವೆ ಒಂದು ಸಂದು. ನಮ್ಮ ಇಂದಿನ ಕಥೆಯೆಲ್ಲ ನಡೆಯುವುದು ಆ ಸಂದಿನಲ್ಲಿ. ಉಂಡ ಅನ್ನದ ಅಗುಳು, ರೊಟ್ಟಿಯ ಚೂರು, ಸೊಪ್ಪಿನ ನಾರು ಅದರೊಳಗೆ ಸೇರುತ್ತವೆ. ಬ್ರಷ್ಷು ಅಲ್ಲಿಗೆ ಎಟುಕುವುದಿಲ್ಲ, ನಾಲಿಗೆ ಎಟುಕುವುದಿಲ್ಲ, ಮುಕ್ಕಳಿಸಿದ ನೀರೂ ಒಳಕ್ಕೆ ಸರಿಯಾಗಿ ಹೋಗುವುದಿಲ್ಲ.

ಹಲ್ಲು ನೋವೆಂದರೆ 'ಹುಳ ಹತ್ತಿದೆ' ಎನ್ನುವುದು ನಮ್ಮಲ್ಲಿ ರೂಢಿ. ಗುಳ್ಳದ ಬೀಜದ ಹೊಗೆ ಹಿಡಿದು ಹುಳ ಬೀಳಿಸುತ್ತೇವೆನ್ನುವವರೂ ಉಂಟು. ಕಣ್ಣಿಗೆ ಕಾಣುವ ಹುಳ ಯಾವುದೂ ಹಲ್ಲಿನಲ್ಲಿ ಇರುವುದಿಲ್ಲ. ಅಲ್ಲಿರುವುದು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು, ಎಂದರೆ ಬ್ಯಾಕ್ಟೀರಿಯಾ. ಸಾಧಾರಣ ಗಾತ್ರದ ಸಾವಿರ ಸೂಕ್ಷ್ಮಾಣುಗಳನ್ನು ಒಂದರ ಪಕ್ಕಕ್ಕೊಂದು ಸಾಲಾಗಿ ನಿಲ್ಲಿಸಿದರೂ ಒಂದು ರಾಗಿ ಕಾಳಿನ ಅಗಲ ತುಂಬಲಾರದು.

ಇವುಗಳನ್ನು ಬಾಯಿಯಲ್ಲಿ ಮೊದಲು ಕಂಡವನು ವೈದ್ಯನೂ ಅಲ್ಲ, ದೊಡ್ಡ ವಿದ್ವಾಂಸನೂ ಅಲ್ಲ. ಹಾಲೆಂಡ್ ದೇಶದ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಎಂಬಾತ. ಆತ ತಾನೇ ಗಾಜು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡಿದ್ದ. ಪ್ರತಿ ದಿನ ಬೆಳಿಗ್ಗೆ ಉಪ್ಪಿನಿಂದ ಹಲ್ಲು ಉಜ್ಜಿ ನೀರಿನಿಂದ ತೊಳೆಯುವ ಅಭ್ಯಾಸ ಅವನದು. ಹೀಗಿದ್ದರೂ ಹಲ್ಲುಗಳ ಸಂದಿನಲ್ಲಿ ಬಿಳಿಯ ಲೋಳೆ ಉಳಿದಿರುವುದನ್ನು ಕಂಡು, ಅದನ್ನು ಕೆರೆದು, ನೀರಿನಲ್ಲಿ ಕಲಸಿ ನೋಡಿದ. ಅದರೊಳಗೆ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು. ೧೬೮೩ರಲ್ಲಿ ಈ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ. ಜನ್ಮದಲ್ಲೇ ಹಲ್ಲು ಉಜ್ಜದ ಒಬ್ಬ ಮುದುಕನ ಬಾಯಿಯಲ್ಲಿ ಇವು ಇನ್ನೂ ಅಧಿಕವಾಗಿದ್ದುದನ್ನೂ ಬರೆದ. ಇದರಿಂದ ನಾವು ಕಲಿಯತಕ್ಕ ಪಾಠ ಎರಡು. ಹಲ್ಲು ಉಜ್ಜಿದವನ ಬಾಯಿಯಲ್ಲೂ ಸೂಕ್ಷ್ಮಾಣು ಇದ್ದೇ ಇರುತ್ತದೆ. ಆದರೆ ಕೈ ಎಟುಕದ ಸಂದಿನಲ್ಲಿ ಅದು ಗುಂಪು ಕಟ್ಟಿಕೊಳ್ಳುತ್ತದೆ.

ಮನುಷ್ಯರ ಬಾಯಿಗಳಲ್ಲಿ ಒಟ್ಟಿನಲ್ಲಿ ಸುಮಾರು ೭೦೦ ಜಾತಿಯ ಸೂಕ್ಷ್ಮಾಣುಗಳನ್ನು ಗುರುತಿಸಿದ್ದಾರೆ. ಎಲ್ಲವೂ ಶತ್ರುಗಳಲ್ಲ. ನೆಲದಲ್ಲಿ ಹೇಗೋ ಬಾಯಿಯಲ್ಲಿಯೂ ಹಾಗೆ. ನೆಲಗಡಲೆಯ ಬೇರಿನ ಗಂಟಿನಲ್ಲಿದ್ದು ಸಾರಜನಕ ಒದಗಿಸುವುದೂ ಸೂಕ್ಷ್ಮಾಣುವೇ, ಟೊಮ್ಯಾಟೊ ಗಿಡವನ್ನು ಸೊರಗಿಸಿ ಕೊಲ್ಲುವುದೂ ಸೂಕ್ಷ್ಮಾಣುವೇ. ಯಾವುದು ಎಲ್ಲಿ, ಎಷ್ಟು ಸಂಖ್ಯೆಯಲ್ಲಿ ಬೆಳೆಯುತ್ತದೆ ಎಂಬುದರ ಮೇಲೆ ಲಾಭ ನಷ್ಟ.

ಈಗ ಬುದ್ಧಿಹಲ್ಲಿನ ಸಂದಿಗೆ ಬರೋಣ. ಅಲ್ಲಿ ಬೆಳೆಯುವ ಸೂಕ್ಷ್ಮಾಣುಗಳಲ್ಲಿ ಹೆಚ್ಚಿನವು ಗಾಳಿ ಬೇಡದವು. ಗಾಳಿಯಿಲ್ಲದೆ ಬದುಕುವ ಜೀವಿಯೂ ಉಂಟೆ ಎಂದು ತಾವು ಆಶ್ಚರ್ಯಪಡಬೇಕಾಗಿಲ್ಲ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಸಗಣಿಯಿಂದ ಉರಿಯುವ ಅನಿಲ ಮಾಡಿಕೊಡುವವು ಇಂಥವೇ. ರಸಮೇವಿನ ಗುಂಡಿಯಲ್ಲಿ ಮೇವನ್ನು ತುಳಿದು, ಗಾಳಿಯಾಡದಂತೆ ಮುಚ್ಚುತ್ತೇವೆ; ಅಲ್ಲಿ ಮೇವನ್ನು ಹುಳಿಮಾಡಿ ಕಾಪಾಡುವವೂ ಗಾಳಿಯಿಲ್ಲದೆ ಬೆಳೆಯಬಲ್ಲವು. ಕೆಸರುಗದ್ದೆಯಲ್ಲಿ ಕಾಲಿಟ್ಟಾಗ ಕೆಳಗಿನ ಕರಿಯ ಕೆಸರಿನಿಂದ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ನಾತ ಬರುವುದನ್ನು ತಾವೆಲ್ಲ ಬಲ್ಲಿರಿ. ಗಾಳಿ ತಲಪದ ಕಡೆ ಬೆಳೆದ ಸೂಕ್ಷ್ಮಾಣುಗಳ ಕೆಲಸ ಅದು. ಬುದ್ಧಿಹಲ್ಲು ಬಾತವನ ಬಾಯಿಯ ನಾತವೂ ಗಂಧಕ ಕೂಡಿದ ಅಂಥದೇ ಅನಿಲಗಳಿಂದ ಬರುತ್ತದೆ.

ಗಾಳಿಯಿಲ್ಲದ ಬಾಳನ್ನು ಮೊದಲು ಕಂಡುಹಿಡಿದವರು ಫ್ರಾನ್ಸಿನ ಲೂಯಿ ಪಾಶ್ಚರ್. ೧೮೬೧ರಲ್ಲಿ ಅವರು ಒಂದು ಹನಿ ದ್ರವವನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹನಿಯ ಅಂಚಿನಲ್ಲಿ, ಗಾಳಿ ತಾಗುವ ಕಡೆ, ಸೂಕ್ಷ್ಮಾಣುಗಳು ಚಲನೆಯಿಲ್ಲದೆ ಬಿದ್ದಿದ್ದವು. ನಡುವಿನಲ್ಲಿ, ಗಾಳಿ ತಾಗದ ಕಡೆ, ಲವಲವಿಕೆಯಿಂದ ಚಲಿಸುತ್ತಿದ್ದವು. ನಮಗೆ ಪ್ರಾಣವಾಯುವಾದದ್ದು ಅವಕ್ಕೆ ವಿಷ. ಈ ಒಂದು ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಬುದ್ಧಿಹಲ್ಲಿನ ಬಾವಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಇದರಿಂದಲೇ ಹೊರಡುತ್ತದೆ.

ಈ ಸೂಕ್ಷ್ಮಾಣುಗಳು ಒಂದೇ ಸಲಕ್ಕೆ ಬಂದು ಕೂರುವುದಿಲ್ಲ. ಬೀಳುಬಿಟ್ಟ ಹೊಲದಲ್ಲಿ ಮೊದಲು ಗರಿಕೆ, ಆಮೇಲೆ ಕುರುಚಲು, ಆಮೇಲೆ ಮುಳ್ಳಿನ ಪೊದೆ ಬರುವಂತೆ ಇಲ್ಲಿಯೂ ಒಂದು ಸರದಿ ಉಂಟು. ಮೊದಲು ಬರುವವು ಸ್ಟ್ರೆಪ್ಟೊಕಾಕಸ್ ಜಾತಿಯವು. ನೋಡಲು ಮಣಿಸರದಂತೆ ಇರುತ್ತವೆ. ಇವಕ್ಕೆ ಗಾಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹಲ್ಲಿಗೆ ಅಂಟಿಕೊಂಡು, ಸಂದಿನೊಳಗಿನ ಅಲ್ಪಸ್ವಲ್ಪ ಪ್ರಾಣವಾಯುವನ್ನು ಇವು ತೀರಿಸಿಬಿಡುತ್ತವೆ. ಆಮೇಲೆ ಫ್ಯೂಸೊಬ್ಯಾಕ್ಟೀರಿಯಂ ಎಂಬುದು ಬರುತ್ತದೆ. ನೂಲು ತೆಗೆಯುವ ಕದಿರಿನಂತೆ ಇದರ ಎರಡು ತುದಿಯೂ ಚೂಪು. ಮೊದಲು ಬಂದವುಗಳಿಗೂ ಆಮೇಲೆ ಬರುವವುಗಳಿಗೂ ಇದು ಸೇತುವೆಯಂತೆ ಅಂಟಿಕೊಂಡು ನಿಲ್ಲುತ್ತದೆ. ಕಡೆಗೆ ಬರುವವು ಪ್ರಿವೊಟೆಲ್ಲಾ ಮೊದಲಾದವು ಮತ್ತು ಬಿರಡೆ ತೆಗೆಯುವ ತಿರುಪಿನಂತೆ ಸುರುಳಿ ಸುರುಳಿಯಾದ ಸ್ಪೈರೊಕೀಟುಗಳು. ಪ್ರಿವೊಟೆಲ್ಲಾವನ್ನು ಪ್ರಯೋಗಶಾಲೆಯಲ್ಲಿ ರಕ್ತ ಬೆರೆಸಿದ ಆಹಾರದ ಮೇಲೆ ಬೆಳೆಸಿದರೆ ಕಪ್ಪಗೆ ಬೆಳೆಯುತ್ತದೆ. ರಕ್ತದೊಳಗಿನ ಕಬ್ಬಿಣದ ಅಂಶ ಅದಕ್ಕೆ ಮೇವು. ಆದ್ದರಿಂದ ವಸಡು ಬಾತು ರಕ್ತ ಒಸರಿದಷ್ಟೂ ಇವುಗಳಿಗೆ ಹಬ್ಬ.

ಹೀಗಾಗಿ ಈ ಬಾವಿಗೆ ಒಬ್ಬನೇ ಕಳ್ಳ ಎಂದು ಬೆರಳು ತೋರಿಸಲು ಬರುವುದಿಲ್ಲ. ಇದು ಕೂಡಿ ಮಾಡುವ ಕೆಲಸ. ಒಂದು ಜಾತಿ ಬಿಟ್ಟದ್ದು ಇನ್ನೊಂದು ಜಾತಿಗೆ ಆಹಾರ. ಕುರಿ ಸಾಕಿದವರಿಗೆ ಇದರ ಉದಾಹರಣೆ ಮನೆಯಲ್ಲೇ ಉಂಟು. ಮಳೆಗಾಲದಲ್ಲಿ ಕುರಿಯ ಗೊರಸಿನ ಸಂದು ಕೊಳೆತು ನಾತ ಬರುವ ರೋಗದಲ್ಲಿ ಪಾಲುಗಾರನಾಗಿರುವುದು ಇದೇ ಫ್ಯೂಸೊಬ್ಯಾಕ್ಟೀರಿಯಂ ಕುಲದ ಇನ್ನೊಂದು ಜಾತಿ. ಅಲ್ಲಿಯೂ ಕೆಸರು ಮೆತ್ತಿದ, ಗಾಳಿ ತಾಗದ ಸಂದು. ಇಲ್ಲಿಯೂ ಅನ್ನ ಮೆತ್ತಿದ, ಗಾಳಿ ತಾಗದ ಸಂದು. ಅಲ್ಲಿ ತಾವೇನು ಮಾಡುತ್ತೀರಿ? ಕುರಿಯನ್ನು ಒಣ ನೆಲದಲ್ಲಿ ಕಟ್ಟಿ, ಗೊರಸನ್ನು ತೊಳೆದು, ಮೈಲುತುತ್ತದ ನೀರಿನಲ್ಲಿ ನಿಲ್ಲಿಸುತ್ತೀರಿ. ಮೈಲುತುತ್ತ ವಿಷ, ಅದನ್ನು ಬಾಯಿಗೆ ತೋರಿಸಲೂ ಬಾರದು. ಆದರೆ ತೊಳೆದು ತೆರವು ಮಾಡುವ ತತ್ವ ಎರಡು ಕಡೆಯೂ ಒಂದೇ.

ಆದ್ದರಿಂದ ಮೊದಲ ಮದ್ದು ತೊಳೆಯುವುದು. ಬಾವು ಕಾಣಿಸಿದ ದಿನವೇ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಊಟವಾದ ಪ್ರತಿ ಸಲ ಮತ್ತು ಮಲಗುವ ಮೊದಲು ಆ ಕಡೆಗೆ ತುಂಬಿಕೊಂಡು ಚೆನ್ನಾಗಿ ಮುಕ್ಕಳಿಸಬೇಕು. ಮೆತ್ತನೆಯ, ಚಿಕ್ಕ ತಲೆಯ ಬ್ರಷ್ಷಿನಿಂದ ಕಡೆಯ ಹಲ್ಲಿನವರೆಗೆ ನಿಧಾನವಾಗಿ ಉಜ್ಜಬೇಕು. ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಿದರೆ ಕೊಳೆ ಇನ್ನೂ ಕೂಡುತ್ತದೆ, ರಕ್ತವೂ ಹೆಚ್ಚುತ್ತದೆ. ಬೇವಿನ ಕಡ್ಡಿ ಮುಂದಿನ ಹಲ್ಲಿಗೆ ಆದೀತು. ಕಡೆಯ ಹಲ್ಲಿನ ಹಿಂಬದಿಗೆ ಅದು ಎಟುಕದು.

ಮನೆಯಲ್ಲಿ ಇಷ್ಟು ಮಾಡುತ್ತಲೇ ಹಲ್ಲಿನ ವೈದ್ಯರಿಗೆ ತೋರಿಸಬೇಕು. ಅವರು ವಸಡಿನ ಸೆರಗಿನ ಅಡಿಗೆ ಮೊಂಡು ಸೂಜಿಯ ಪಿಚಕಾರಿಯಿಂದ ಔಷಧದ ನೀರು ಹಾಯಿಸಿ, ಒಳಗಿನ ಕೊಳೆಯನ್ನೂ ಕೀವನ್ನೂ ಹೊರಡಿಸುತ್ತಾರೆ. ಕಟ್ಟಿಕೊಂಡ ಕಾಲುವೆಗೆ ನೀರು ಬಿಟ್ಟು ಹೂಳು ತೆಗೆದಂತೆ. ಮೇಲಿನ ಬುದ್ಧಿಹಲ್ಲು ಪ್ರತಿ ಸಲವೂ ಬಾತ ವಸಡನ್ನೇ ಕಚ್ಚುತ್ತಿದ್ದರೆ ಅದನ್ನು ಮಟ್ಟ ಮಾಡುತ್ತಾರೆ, ಇಲ್ಲವೆ ತೆಗೆಯುತ್ತಾರೆ.

ಮನೆಮದ್ದೆಂದು ಕೆಲವರು ಹೊಗೆಸೊಪ್ಪು ಒತ್ತಿಡುತ್ತಾರೆ, ಸುಣ್ಣ ಹಚ್ಚುತ್ತಾರೆ, ತಲೆನೋವಿನ ಮಾತ್ರೆಯನ್ನು ಪುಡಿಮಾಡಿ ವಸಡಿಗೆ ತುಂಬುತ್ತಾರೆ. ಇವೆಲ್ಲ ವಸಡನ್ನು ಸುಡುತ್ತವೆಯೇ ಹೊರತು ಸಂದಿನೊಳಗಿನ ಸೂಕ್ಷ್ಮಾಣುವನ್ನು ಮುಟ್ಟುವುದಿಲ್ಲ. ಸೂಜಿಯಿಂದಲೋ ಬ್ಲೇಡಿನಿಂದಲೋ ಬಾವನ್ನು ಚುಚ್ಚುವುದಂತೂ ಕೂಡದೇ ಕೂಡದು.

ಮಾತ್ರೆಯ ವಿಷಯ ಒಂದೆರಡು ಮಾತು. ೧೯೬೨ರಲ್ಲಿ ಇಂಗ್ಲೆಂಡಿನ ಶಿನ್ ಎಂಬವರು ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಒಂದು ಸಂಗತಿ ಬರೆದರು. ಬೇರೊಂದು ಕಾಯಿಲೆಗೆಂದು ಮೆಟ್ರೊನಿಡಜೋಲ್ ಮಾತ್ರೆ ತೆಗೆದುಕೊಂಡ ಹೆಂಗಸೊಬ್ಬಳಿಗೆ ಆ ಕಾಯಿಲೆಯ ಜೊತೆಗೆ ವಸಡಿನ ಹುಣ್ಣೂ ವಾಸಿಯಾಗಿತ್ತು. ಈ ಔಷಧಿ ಗಾಳಿ ಬೇಡದ ಸೂಕ್ಷ್ಮಾಣುವಿನ ಒಳಹೊಕ್ಕ ಮೇಲೆಯೇ ವಿಷವಾಗಿ ಮಾರ್ಪಡುತ್ತದೆ ಎಂಬುದು ಮುಂದೆ ತಿಳಿದುಬಂತು. ಈಗಲೂ ವೈದ್ಯರು ಇದನ್ನು ಬರೆದುಕೊಡುವುದುಂಟು. ಆದರೆ ಎಲ್ಲ ಬಾವಿಗೂ ಅಲ್ಲ. ಜ್ವರ ಬಂದಾಗ, ಬಾವು ಹರಡುವ ಲಕ್ಷಣ ಕಂಡಾಗ ಮಾತ್ರ. ಸಂದಿನಲ್ಲಿ ಅನ್ನ ಕೊಳೆಯುತ್ತಿರುವವರೆಗೆ ಮಾತ್ರೆ ನುಂಗಿದರೆ, ಕಳೆಯ ಬೇರು ಬಿಟ್ಟು ಎಲೆ ಸವರಿದಂತೆ. ನಾಲ್ಕು ದಿನಕ್ಕೆ ಮತ್ತೆ ಚಿಗುರುತ್ತದೆ. ಅಂಗಡಿಯಲ್ಲಿ ಕೇಳಿ ಎರಡು ಮಾತ್ರೆ ನುಂಗಿ ಬಿಡುವುದೂ ತಪ್ಪು. ಒಂದೇ ಕೀಟನಾಶಕವನ್ನು ಬೇಕಾಬಿಟ್ಟಿ ಹೊಡೆದ ಹೊಲದಲ್ಲಿ ಅದಕ್ಕೆ ಬಗ್ಗದ ಕೀಟ ಉಳಿಯುವುದನ್ನು ತಾವು ಕಂಡಿದ್ದೀರಿ. ಸೂಕ್ಷ್ಮಾಣುಗಳೂ ಹಾಗೆಯೇ ಬಗ್ಗದಂತಾಗುತ್ತವೆ. ವೈದ್ಯರು ಬರೆದಷ್ಟನ್ನು, ಬರೆದಷ್ಟು ದಿನ ತೆಗೆದುಕೊಳ್ಳಬೇಕು. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮದ್ಯ ಮುಟ್ಟಬಾರದು.

ಹಲ್ಲನ್ನು ಕೀಳಿಸಲೇಬೇಕೆ ಎಂದು ಕೆಲವರು ಕೇಳುತ್ತಾರೆ. ಒಂದು ಸಲ ಸ್ವಲ್ಪ ಬಾತು ತಗ್ಗಿದರೆ, ಹಲ್ಲಿಗೆ ನೆಟ್ಟಗೆ ಬರಲು ಸ್ಥಳವಿದ್ದರೆ ಕೀಳಿಸಬೇಕಾಗಿಲ್ಲ. ಮೊದಲನೆಯ ಸಲವೇ ಬಹಳ ತೀವ್ರವಾಗಿ ಬಂದರೆ, ಇಲ್ಲವೆ ಮತ್ತೆ ಮತ್ತೆ ಬರುತ್ತಿದ್ದರೆ ಕೀಳಿಸುವುದು ಲೇಸು. 'ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ' ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಹಲ್ಲಿಗೆ ಹೋಗುವ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕಿತ್ತದ್ದರಿಂದ ದೃಷ್ಟಿ ಕುಂದುವುದಿಲ್ಲ. ಈ ಹೆದರಿಕೆಯಿಂದ ವರ್ಷಗಟ್ಟಲೆ ಬಾವನ್ನು ಸಾಕಿಕೊಳ್ಳುವುದರಲ್ಲಿಯೇ ಅಪಾಯವಿದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವಂತೆ ಆಗಬಾರದು.

ಈಗ ಬಹಳ ಮುಖ್ಯವಾದ ಮಾತಿಗೆ ಬರುತ್ತೇನೆ. ತಾಯಂದಿರು ವಿಶೇಷವಾಗಿ ಗಮನವಿಟ್ಟು ಕೇಳಬೇಕು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ಬಹಳ ಕೆಳಗೆ ಇಳಿದಿರುತ್ತದೆ. ಅಲ್ಲಿಯ ಸೋಂಕು ನಾಲಿಗೆಯ ಅಡಿಗೂ ದವಡೆಯ ಕೆಳಗೂ ಹರಡಿದರೆ ನಾಲಿಗೆ ಮೇಲಕ್ಕೆತ್ತಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು ೧೮೩೬ರಲ್ಲಿ ಇದನ್ನು ವಿವರಿಸಿ ಬರೆದರು. ಆ ಕಾಲದಲ್ಲಿ ಇದು ಬಂದವರಲ್ಲಿ ಬದುಕಿದವರು ಕಡಮೆ. ಈಗ ಬೇಗನೆ ಆಸ್ಪತ್ರೆ ಸೇರಿದರೆ ಉಳಿಸಬಹುದು. ತಡ ಮಾಡಿದರೆ ಇಂದಿಗೂ ಪ್ರಾಣಾಪಾಯವೇ. ಆದ್ದರಿಂದ ಈ ಲಕ್ಷಣಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಹೊರಡಬೇಕು:

೧. ಬಾಯಿಯಲ್ಲಿ ಎರಡು ಬೆರಳು ತೂರದಷ್ಟು ದವಡೆ ಬಿಗಿದಿರುವುದು.
೨. ಎಂಜಲು ಕೂಡ ನುಂಗಲಾಗದೆ ಜೊಲ್ಲು ಸುರಿಯುವುದು.
೩. ದವಡೆಯ ಕೆಳಗೆ ಅಥವಾ ಕತ್ತಿನಲ್ಲಿ ಗಟ್ಟಿಯಾದ ಊತ. ನಾಲಿಗೆಯ ಅಡಿ ಉಬ್ಬಿ ನಾಲಿಗೆ ಮೇಲೆ ಬರುವುದು.
೪. ಧ್ವನಿ ಬದಲಾಗುವುದು, ಉಸಿರಾಡಲು ಕಷ್ಟ, ಮಲಗಿದರೆ ಉಸಿರು ಕಟ್ಟುವುದು.
೫. ಬಾವಿನೊಡನೆ ಚಳಿ, ವಿಪರೀತ ಜ್ವರ.

ಇಂಥವರನ್ನು ಮಲಗಿಸದೆ, ಕೂಡಿಸಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ವಾಹನವಿಲ್ಲದಿದ್ದರೆ ೧೦೮ಕ್ಕೆ ಫೋನ್ ಮಾಡಬೇಕು. ಸಕ್ಕರೆ ಕಾಯಿಲೆಯವರೂ ಬಸುರಿಯರೂ ಇಷ್ಟರವರೆಗೆ ಕಾಯದೆ, ಬಾವು ಶುರುವಾದಾಗಲೇ ವೈದ್ಯರಿಗೆ ತೋರಿಸಬೇಕು.

ಅಡಿಕೆ, ಗುಟ್ಕಾ ಜಗಿಯುವವರಿಗೆ ಇನ್ನೊಂದು ಎಚ್ಚರಿಕೆ. ಬುದ್ಧಿಹಲ್ಲಿನ ಬಾವಿನಲ್ಲಿ ಬಾಯಿ ಬಿಗಿಯುವುದು ಒಂದೆರಡು ದಿನದಲ್ಲಿ. ನೋವಿನೊಡನೆ ಬಂದು ನೋವಿನೊಡನೆ ಹೋಗುತ್ತದೆ. ತಿಂಗಳುಗಟ್ಟಲೆಯಿಂದ ಸ್ವಲ್ಪ ಸ್ವಲ್ಪವಾಗಿ ಬಾಯಿ ಕಿರಿದಾಗುತ್ತ ಬಂದು, ಖಾರ ತಿಂದರೆ ಉರಿಯುತ್ತಿದ್ದರೆ ಅದು ಬುದ್ಧಿಹಲ್ಲಿನ ತಂಟೆಯಲ್ಲ. ಅಡಿಕೆಯಿಂದ ಬರುವ ಬೇರೊಂದು ರೋಗ. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ಮೂರು ವಾರವಾದರೂ ಮಾಯದ ಹುಣ್ಣು ಬಾಯಿಯಲ್ಲಿದ್ದರೆ ಅದನ್ನೂ ತೋರಿಸಿಕೊಳ್ಳಬೇಕು.

ಮಹನೀಯರೇ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಕಡಲೆ ಬೆಳೆಯುವುದು ಹೇಗೆಂದು ತಮಗೆ ಗೊತ್ತು. ಹಲ್ಲು ಉಳಿಸಿಕೊಳ್ಳುವುದನ್ನೂ ಕಲಿತರೆ ಗಾದೆ ಸುಳ್ಳಾಗುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ರಾತ್ರಿ ಊಟವಾದ ಮೇಲೆಯೂ ಹಲ್ಲು ಉಜ್ಜುವುದು, ಕಡೆಯ ಹಲ್ಲಿನ ಹಿಂದಕ್ಕೂ ಬ್ರಷ್ಷು ಹಾಯಿಸುವುದು, ಬೀಡಿ ಹೊಗೆಸೊಪ್ಪು ಬಿಡುವುದು. ಮನೆಯಲ್ಲಿ ಹದಿನೇಳು ದಾಟಿದ ಮಕ್ಕಳಿದ್ದರೆ ಒಮ್ಮೆ ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ, ಕಡೆಯ ಹಲ್ಲು ಹೇಗೆ ಬರುತ್ತಿದೆಯೆಂದು ನೋಡಿ. ಸೆರಗು ಮುಚ್ಚಿದ ಅರ್ಧ ಹಲ್ಲು ಕಂಡರೆ ಅಲ್ಲಿ ಕೊಳೆ ನಿಲ್ಲದಂತೆ ಈಗಿನಿಂದಲೇ ತೊಳೆಯಲು ಕಲಿಸಿ. ಗಾಳಿ, ನೀರು ಹೋದ ಕಡೆ ಈ ಸೂಕ್ಷ್ಮಾಣುಗಳು ಬೇರೂರಲಾರವು.

 ಸಂದೇಹಗಳಿದ್ದರೆ ಸಂಕೋಚವಿಲ್ಲದೆ ಕೇಳಬೇಕೆಂದು ಬೇಡುತ್ತೇನೆ.